ಚಹಾ ಬಿಟ್ಟ ಬಸವಲಿಂಗ ಮಾಸ್ತರರು

ಇಷ್ಟೆಲ್ಲ ರಾದ್ಧಾಂತಕ್ಕೂ ಮೂಲ, ಅಂದಾನೆಪ್ಪ ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದ ಒಂದು ಪ್ರಶ್ನೆ.

ಬಸವಲಿಂಗ ಮಾಸ್ತರರು ಬೈಲಹೊಂಗಲದ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಪೆನ್ಶನ್ ಶುರುವಾಗುವುದಕ್ಕೂ ಕಾಯದೆ ಹೆಂಡತಿ ಸಾವಿತ್ರೆವ್ವನನ್ನು ಕರೆದುಕೊಂಡು ಹುಟ್ಟೂರು ಹೂಲಿಗೆ ಬಂದುಬಿಟ್ಟರು. ಊರ ಹೊರಗಿನ ತಮ್ಮ ಹೊಲದಲ್ಲಿ ಒಂದು ಸಣ್ಣ ಮನೆ ಕಟ್ಟಿ, ಅವ್ವ ಇದ್ದಾಗ ಹಿತ್ತಲು ಹೇಗಿತ್ತೋ ಹಾಗೆಯೇ ಮತ್ತೆ ಎಬ್ಬಿಸಬೇಕೆಂದು ಹಟ ಹಿಡಿದರು. ಆ ಹಿತ್ತಲು ಅವರ ಕಣ್ಣಲ್ಲಿ ಬಣ್ಣ ಆರದ ಚಿತ್ರದಂತೆ ಉಳಿದಿತ್ತು. ದನದ ಕೊಟ್ಟಿಗೆಯ ಮೇಲೆ ಹಬ್ಬಿದ ಹೀರೆ ಬಳ್ಳಿ, ಬಚ್ಚಲ ನೀರು ಕುಡಿದು ಕೊಬ್ಬಿದ ಬಾಳೆ, ಗೋಡೆಗೆ ಆತು ನಿಂತ ನುಗ್ಗೆ, ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಒತ್ತುತ್ತಿದ್ದ ಅವ್ವನ ಹೆಬ್ಬೆರಳು.

"ನಮ್ಮವ್ವ ಒಂದಿನಾನೂ ಅಂಗಡಿ ಮೆಟ್ಟಲಾ ಹತ್ತಿದಾಕಿ ಅಲ್ಲ" ಎಂದು ಅವರು ಕಂಡವರಿಗೆಲ್ಲ ಹೇಳುತ್ತಿದ್ದರು. ತಾವೂ ಹತ್ತಲಿಲ್ಲ. ಜೋಳ ಹೊಲದ್ದು, ಎಣ್ಣೆ ತಾವೇ ಬೆಳೆದ ಕುಸುಬಿಯದು, ಬೆಲ್ಲ ಜೋಳ ಕೊಟ್ಟು ತಂದದ್ದು. ಹಾಲಿಗೆ ಕೆಂಚಿ ಎಂಬ ಎಮ್ಮೆ ಇತ್ತು, ಗೊಬ್ಬರಕ್ಕೂ ಅದೇ. ಎರಡು ಆಡು ಬೇಲಿ ತಿನ್ನಲು ಇದ್ದವು. ಹಲ್ಲಿಗೆ ಬೇವಿನ ಕಡ್ಡಿ, ತಲೆಗೆ ಸೀಗೆ. ಊರಿನವರು ಮೊದಮೊದಲು ನಕ್ಕರು. ಆಮೇಲೆ ಬೀಜ ಕೇಳಿಕೊಂಡು ಬರತೊಡಗಿದರು. ಕಡೆಗೆ ಒಂದು ಸೋಮವಾರ ಸಭೆ ಸೇರಿಸಿ ಭಾಷಣಕ್ಕೇ ಕರೆದರು.

ಮಾಸ್ತರರು ಭಾಷಣದಲ್ಲಿ ಅವ್ವನ ಹಿತ್ತಲನ್ನು ಬಳ್ಳಿ ಬಳ್ಳಿಯಾಗಿ ಬಣ್ಣಿಸಿ, "ಉಪ್ಪೊಂದ ಬಿಟ್ಟರ ನಮ್ಮ ಮನಿಗೆ ಹೊರಗಿಂದು ಏನೂ ಬರೂದಿಲ್ಲ" ಎಂದು ಮುಗಿಸಿದರು. ಆಗ ಪಕ್ಕದ ಹೊಲದ ಅಂದಾನೆಪ್ಪ ಎದ್ದು ನಿಂತ.

"ಎಲ್ಲಾ ಖರೆ ಮಾಸ್ತರ. ಆದರ ಚಹಾಪುಡಿ ಎಲ್ಲಿಂದ ಬರತೈತ್ರಿ? ನಿಮ್ಮ ಹಿತ್ತಲದಾಗ ಅದರ ಗಿಡಾ ಕಂಡಿಲ್ಲಲ್ಲರಿ ನಾ!"

ಸಭೆ ಗೊಳ್ಳೆಂದಿತು. ಮಾಸ್ತರರ ಕಿವಿ ಕೆಂಪಾದವು. "ಚಹಾನೂ ಬಿಟ್ಟೆ! ಈ ಕ್ಷಣದಿಂದ ಬಿಟ್ಟೆ!" ಎಂದು ಮೇಜು ಗುದ್ದಿದರು. ಚಪ್ಪಾಳೆಯೋ ಚಪ್ಪಾಳೆ. ತಾವು ಬಿಟ್ಟದ್ದು ಏನೆಂಬುದು ಅವರಿಗೆ ತಿಳಿದದ್ದು ಮರುದಿನ ಬೆಳಿಗ್ಗೆ.

ಗುರುವಾರದ ಹೊತ್ತಿಗೆ ತಲೆ ಮದುವೆ ಮನೆಯ ಡೊಳ್ಳಾಗಿತ್ತು. ಕೆಂಚಿಯ ಕೆಚ್ಚಲ ಕೆಳಗೆ ಕುಳಿತಾಗ ಚೊಂಬಿನಲ್ಲಿ ನೊರೆ ಏರಿತು. ಈ ಹಾಲಿಗೆ ಒಂದು ಚಮಚ ಪುಡಿ, ಒಂದು ಏಲಕ್ಕಿ ಬಿದ್ದರೆ ಎಂದು ಮಾಸ್ತರರ ಕೈ ನಿಂತೇಹೋಯಿತು. ಹಿಂಡುವುದು ಬಿಟ್ಟು ಕನಸು ಕಾಣುವವರನ್ನು ಕೆಂಚಿ ಸಹಿಸದು. ಸಗಣಿ ಅಂಟಿದ ಬಾಲದಿಂದ ಕೆನ್ನೆಗೆ ಒಂದು ಬಾರಿಸಿತು.

ಮುಖ ತೊಳೆದು ಬಂದರೆ ಸಾವಿತ್ರೆವ್ವ ಕೊತ್ತಂಬರಿ, ಶುಂಠಿ, ತುಳಸಿ ಹಾಕಿದ ಕಷಾಯ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಇತ್ತೀಚೆಗೆ ಎಂದೂ ಕಾಣದ ಹೊಳಪಿತ್ತು.

"ನೀವು ಬಿಟ್ಟ ದಿನಾನ ನಾನೂ ಬಿಟ್ಟೇನ್ರಿ. ಲಗ್ನಾದಾಗಿಂದ ನೀವು ಹೇಳಿದ್ದನ್ನ ಮಾಡಿ ತೋರಿಸಿದ್ದು ಇದ ಮೊದಲಸಲ. ನನಗ ಭಾಳ ಹೆಮ್ಮಿ ಅನಸಾಕತ್ತೈತಿ."

ಇಂಥ ಮಾತು ಕೇಳಿದ ಗಂಡಸು ಚಹಾ ಬೇಕೆಂದು ಬಾಯಿ ಬಿಡುವುದಾದರೂ ಹೇಗೆ? ಮಾಸ್ತರರು ಕಷಾಯ ನುಂಗಿ ಮಡಿಗಳಿಗೆ ಇಳಿದರು. ಕಣ್ಣಿಗೆ ಮಂಜು ಕವಿದಂತಿತ್ತು. ಮೆಣಸಿನಗಿಡಗಳಿಗೆ ಎರಡೆರಡು ಸಲ ನೀರುಣಿಸಿದರು. ಬದನೆಯ ಮಡಿ ಬಾಯಾರಿ ಉಳಿಯಿತು. ಕಳೆ ಕೀಳಲು ಕುಳಿತು ಒಂದು ಸಾಲು ಪೂರ್ತಿ ಹಸನು ಮಾಡಿದಾಗ ಹಿಂದಿನಿಂದ ಸಾವಿತ್ರೆವ್ವ ಚೀರಿದಳು.

"ಅಯ್ಯ ಶಿವನ! ಕಳೆ ಅಲ್ಲರೀ ಅದು, ಕೊತ್ತಂಬರಿ!"

"ಬಿಸಲಿಗೆ ಕಣ್ಣ ಕತ್ತಲಿ ಬಂದಾವು. ಕೆಂಚಿನ ಕೆರಿಗೆ ಹೊಡಕೊಂಡ ಹೋಗಿ ಮೈ ತೊಳಕೊಂಡ ಬರತೇನಿ" ಎಂದವರೇ ಹಗ್ಗ ಬಿಚ್ಚಿದರು.

ಕೆರೆಯ ದಾರಿಯಲ್ಲಿ ಬಾಯವ್ವನ ಮನೆ. ಅವ್ವನ ಜೀವದ ಗೆಳತಿ. ಎಂಬತ್ತು ದಾಟಿದರೂ ಜಗಲಿಯ ಮೇಲೆ ಕುಳಿತು ಅವರೆ ಸುಲಿಯುತ್ತಿದ್ದಳು. ಆ ಮನೆಯಲ್ಲಿ ಯಾವ ಹೊತ್ತಿಗೆ ಹೋದರೂ ಒಲೆಯ ಮೇಲೆ ಚಹಾ ಇರುತ್ತಿತ್ತು ಎಂಬುದು ಮಾಸ್ತರರಿಗೆ ಚಿಕ್ಕಂದಿನಿಂದ ಗೊತ್ತು. ಕೆಂಚಿಯನ್ನು ಅಂಗಳದ ಗೂಟಕ್ಕೆ ಸಿಕ್ಕಿಸಿ ಕುಳಿತರು.

"ಬಾರೋ ಬಸು. ಸೋಮವಾರ ನಿಮ್ಮವ್ವನ ಸುದ್ದಿ ಎಷ್ಟ ಚಂದ ಹೇಳಿದ್ಯೋ! ಕಣ್ಣಾಗ ನೀರ ಬಂದ್ವು. ಆದರ ಒಂದ ಮಾತು ಬಿಟ್ಟಿ ನೋಡು."

"ಏನ ಬಿಟ್ಟೆ, ಚಿಗವ್ವ?"

"ಅಂಗಡಿ ಮೆಟ್ಟಲಾ ಹತ್ತಿಲ್ಲ, ಖರೆ. ನಮ್ಮನಿ ಮೆಟ್ಟಲಾ ಸವಿಸಿದ್ಲಲ್ಲೋ! ನಿಮ್ಮಪ್ಪಗ ಚಹಾ ಕಂಡರ ಆಗತಿರಲಿಲ್ಲ. ದಿನಾ ಮುಂಜಾನಿ ಮಜ್ಜಿಗಿ ಕೊಡೂ ನೆಪಾ ಮಾಡಿ ಬರತಿದ್ಲು. ಇಲ್ಲೆ, ಈ ಒಲಿ ಮುಂದ ಕುಂತು, ಏಲಕ್ಕಿ ಹಾಕಿದ ಚಹಾ ಒಂದ ಗಿಂಡಿ ಕುಡದು, ಬಾಯಿ ಮುಕ್ಕಳಿಸಿ ಹೋಗತಿದ್ಲು."

ಮಾಸ್ತರರಿಗೆ ಈಗ ಹೊಳೆಯಿತು. ಮಜ್ಜಿಗೆಯ ಗಡಿಗೆ ಹೊತ್ತು ಹೋಗಿ ಬಂದ ಅವ್ವ ಬಗ್ಗಿ ಮಗನ ತಲೆ ಬಾಚುವಾಗ ಅವಳ ಉಸಿರಿನಲ್ಲಿ ಏಲಕ್ಕಿಯ ಸಣ್ಣ ವಾಸನೆ ಇರುತ್ತಿತ್ತು. ಅದು ಅವ್ವನದೇ ವಾಸನೆ ಎಂದು ಅವರು ಅರವತ್ತು ದಾಟುವವರೆಗೂ ನಂಬಿದ್ದರು. ಅವ್ವನಿಗಿಂತ ತಾನೇನು ದೊಡ್ಡವನೇ?

"ಚಿಗವ್ವ, ಹಂಗಾರ ನನಗೂ ಒಂದ ಗಿಂಡಿ..."

"ಚಹಾ? ಇದೇನೋ ಹಿಂಗ ಕೇಳತಿ? ನಿನ್ನ ಭಾಷಣಾ ಕೇಳಿ ಅವತ್ತ ಚಹಾ ಬಿಟ್ಟೇನಿ ನಾ! ಡಬ್ಬಿ ತೊಳದು ಬಿಸಲಿಗಿ ಇಟ್ಟೇನಿ. ಮಜ್ಜಿಗಿ ಕುಡಿ."

ಮಜ್ಜಿಗೆ ಕುಡಿದು ಮಾಸ್ತರರು ಕೆಂಚಿಯನ್ನು ಎಬ್ಬಿಸಿದರು. ಈ ಸಲ ಕೆರೆಯ ಕಡೆಗಲ್ಲ, ಸವದತ್ತಿ ರಸ್ತೆಗೆ. ಅಲ್ಲಿ ಅವರ ಹಳೆಯ ಶಿಷ್ಯ ಯುವರಾಜನ ಚಹಾದಂಗಡಿ ಇತ್ತು. ನಡುಮಧ್ಯಾಹ್ನ, ಗಿರಾಕಿಗಳಿಲ್ಲ. ಎಮ್ಮೆಯನ್ನು ಅಂಗಡಿಯ ಹಿಂದೆ ಬೇವಿನ ಗಿಡಕ್ಕೆ ಕಟ್ಟಿ, ಅತ್ತಿತ್ತ ನೋಡಿ, ಬಗ್ಗಿ ಒಳಗೆ ಹೊಕ್ಕರು.

"ಯುವರಾಜ, ಲಗೂ ಒಂದ ಕಪ್ ಚಹಾ ಕೊಡಪಾ" ಎಂದು ಪಿಸುಗುಟ್ಟಿದರು.

ಯುವರಾಜ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಅವನ ಮುಖ ಅರಳಿತು. "ಸರ್ರ, ನನ್ನ ಪರೀಕ್ಷಾ ಮಾಡಾಕತ್ತೀರಲ್ಲ? ಸಾಲ್ಯಾಗೂ ಹಿಂಗ ಮಾಡತಿದ್ರಿ ನೀವು. ನಾ ಕೊಡೂದಿಲ್ಲ ಬಿಡ್ರಿ. ನಿಮ್ಮ ಶಪಥಾ ಮುರದ ಪಾಪ ನನಗ ಬ್ಯಾಡ."

"ಪರೀಕ್ಷಾ ಅಲ್ಲೋ, ಖರೇನ..." ಎನ್ನುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಅಂದಾನೆಪ್ಪ!

"ಏನ್ರಿ ಮಾಸ್ತರ, ಇಲ್ಲಿ?"

ಮಾಸ್ತರರು ಗಂಟಲು ಸರಿಪಡಿಸಿಕೊಂಡು ಯುವರಾಜನ ಬೆನ್ನು ತಟ್ಟಿದರು. "ಪಾಸಾದಿ ತಮ್ಮ. ಮನಸ್ಸ ಗಟ್ಟಿ ಐತೋ ಇಲ್ಲೋ ನೋಡಾಕ ಬಂದಿದ್ದೆ. ನಿಂದೂ, ನಂದೂ."

"ಚಹಾದ ಅಂಗಡ್ಯಾಗ ಕುಂತೂ ಕುಡಿಯೂದಿಲ್ಲ ಅಂದ್ರ!" ಅಂದಾನೆಪ್ಪ ಎರಡೂ ಕೈ ಮುಗಿದ. "ಅವತ್ತ ಚೇಷ್ಟಿ ಮಾಡಿದ್ದು ತಪ್ಪಾತ್ರಿ. ಇದನ್ನ ನಿಮ್ಮ ಮನ್ಯಾಗ ಹೇಳಬೇಕು ನಾ." ಹಾಗೆಂದು ಎದುರಿಗೇ ಕುಳಿತು, ಚಹಾ ತರಿಸಿಕೊಂಡು, ಕಪ್ಪಿನಿಂದ ಬಸಿಗೆ ಸುರಿದು ಸುರ್ ಎಂದು ಎಳೆದ. ಮಾಸ್ತರರ ಗಂಟಲು ತಾನಾಗಿಯೇ ಗುಟುಕರಿಸಿತು.

ಅಷ್ಟರಲ್ಲಿ ಹಿಂದುಗಡೆ ಢಣ್ ಢಣ್ ಸದ್ದು. ಓಡಿಹೋಗಿ ನೋಡಿದರೆ, ಯುವರಾಜ ಉಳಿದ ಚಹಾ, ಚರಟ ಎಲ್ಲ ಸುರಿಯುವ ಬಕೆಟ್ಟಿನೊಳಗೆ ಕೆಂಚಿ ಮೂತಿ ಇಟ್ಟು ತಳ ನೆಕ್ಕುತ್ತಿದೆ. ಎಮ್ಮೆಗೂ ಚಹಾ ಸಿಕ್ಕಿತು, ಮಾಸ್ತರರಿಗೆ ಸಿಗಲಿಲ್ಲ. ತಲೆ ಎತ್ತಿದಾಗ ಬಕೆಟ್ಟಿನ ಹಿಡಿಕೆ ಕೋಡಿಗೆ ಸಿಕ್ಕಿಕೊಂಡಿತು. ಬೆದರಿದ ಎಮ್ಮೆ ಹಗ್ಗ ಹರಿದುಕೊಂಡು ಓಟ ಕಿತ್ತಿತು. ಮಾಸ್ತರರು ಹಗ್ಗದ ತುದಿ ಹಿಡಿದರು. ಎಮ್ಮೆ ನಿಲ್ಲಲಿಲ್ಲ, ಮಾಸ್ತರರು ಬಿಡಲಿಲ್ಲ. ಇಬ್ಬರೂ ಢಣಗುಟ್ಟುತ್ತ ಅಂದಾನೆಪ್ಪನ ಬದನೆಯ ತೋಟದ ಈ ತುದಿಯಿಂದ ಹೊಕ್ಕು ಆ ತುದಿಯಿಂದ ಹೊರಬಿದ್ದು ಕೆರೆಯಲ್ಲಿ ಮುಳುಗಿದರು.

"ಮೂಕ ಪ್ರಾಣಿರಿ, ಹೋಗಲಿ ಬಿಡ್ರಿ" ಎಂದ ಹಿಂದೆಯೇ ಓಡಿಬಂದ ಅಂದಾನೆಪ್ಪ. "ಮುರಿಯದ ಉಳದ ಗಿಡಾ ಅಷ್ಟ ಎತ್ತಿ ನಿಲ್ಲಿಸಿ ಮಣ್ಣ ಏರಿಸಿ ಕೊಡ್ರಿ, ಸಾಕು. ನೀವು ತಡಾ ಆಗಿ ಬರತೀರಿ ಅಂತ ನಾನ ಸಾವಿತ್ರಿ ವೈನಿಗೆ ಹೇಳಿ ಬರತೇನಿ."

ಸಂಜೆಯವರೆಗೆ ಮಾಸ್ತರರು ಮಂಡಿಯೂರಿ ಬದನೆ ಗಿಡಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದರು. ಕೈಗೆ ಮಣ್ಣಿನ ತಂಪು ಹತ್ತಿದಂತೆ ಮನಸ್ಸೂ ತಂಪಾಯಿತು. ಅವ್ವ ನೆನಪಾದಳು. ಅಪ್ಪನಿಗೆ ಹೆದರಿ ಬಾಯಿ ಮುಕ್ಕಳಿಸಿಕೊಂಡು ಬರುತ್ತಿದ್ದ, ಅವರು ಈವರೆಗೆ ಕಂಡೇ ಇರದ ಅವ್ವ. ಅವಳ ಮೇಲೆ ಹಿಂದೆಂದಿಗಿಂತ ಹೆಚ್ಚು ಪ್ರೀತಿ ಬಂತು. ಅವಳಿಗಾದರೂ ಕದ್ದು ಕುಡಿಯದೆ ಗತಿಯಿರಲಿಲ್ಲ. ನನ್ನ ಸಾವಿತ್ರಿ ಅಪ್ಪನ ಹಾಗಲ್ಲ, ಇದ್ದದ್ದನ್ನು ಹೇಳಿಬಿಡುತ್ತೇನೆ, ಇಬ್ಬರೂ ಕುಳಿತು ರಾಜಾರೋಷವಾಗಿ ಕುಡಿಯುತ್ತೇವೆ ಎಂದು ನಿರ್ಧರಿಸಿ, ಕೆಸರು ಕಾಲಿನಲ್ಲೇ ಮನೆ ಸೇರಿದರು.

ಸಾವಿತ್ರೆವ್ವ ಒಲೆಯ ಮುಂದೆ ಕುಳಿತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

"ಸಾವಿತ್ರಿ, ನಿನಗೊಂದ ಮಾತು ಹೇಳಬೇಕಿತ್ತು."

"ಮೊದಲ ನಂದು ಕೇಳ್ರಿ. ನಾ ನಿಮಗ ಮೋಸಾ ಮಾಡೇನ್ರಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಚಹಾ ಬಿಟ್ಟೇನಿ ಅಂದಿದ್ದು ಸುಳ್ಳು. ಒಂದ ಡಬ್ಬಿ ಪುಡಿ ಹೊಟ್ಟಿನ ಚೀಲದಾಗ ಮುಚ್ಚಿ ಇಟ್ಟಿದ್ದೆ. ನೀವು ಆಡ ಮೇಸಾಕ ಹೋದಾಗೆಲ್ಲಾ ಕೊಟಗ್ಯಾಗ ಕುಂತು ಕುಡದೇನಿ. ಇವತ್ತ ಅಂದಾನೆಪ್ಪಣ್ಣ ಬಂದು ಹೇಳಿದ. ಚಹಾದ ಅಂಗಡ್ಯಾಗ ಕುಂತೂ ಹನಿ ಮುಟ್ಟಲಿಲ್ಲಂತ ನೀವು! ನನಗ ನಾಚಿಕಿ ಆತ್ರಿ."

ಮಾಸ್ತರರು ಅವಳ ಪಕ್ಕವೇ ಕುಕ್ಕರಿಸಿದರು. ಡಬ್ಬಿ! ಮನೆಯಲ್ಲೇ! ಕೈಗೆಟುಕುವಷ್ಟು ಹತ್ತಿರ!

"ಅಳಬ್ಯಾಡ, ಅಳಬ್ಯಾಡ. ಆ ಪುಡಿ... ಎಲ್ಲೈತಿ ಈಗ?"

"ಅಷ್ಟೂ ಒಯ್ದು ಕರಿಬೇವಿನ ಬುಡಕ್ಕ ಸುರವಿ, ಎರಡ ಕೊಡಾ ನೀರು ಹಾಕಿ ಬಂದೇನ್ರಿ. ಶಿವನ ಆಣಿ, ಇನ್ನ ಈ ಮನ್ಯಾಗ ಚಹಾ ಮಾತ ಇಲ್ಲ."

ಮಾಸ್ತರರು ಕಿಟಕಿಯಿಂದ ಕರಿಬೇವಿನ ಗಿಡವನ್ನು ನೋಡಿದರು. ಅದು ಸಂಜೆಯ ಗಾಳಿಗೆ ಗೆಲುವಾಗಿ ತೂಗುತ್ತಿತ್ತು.

"ಚಲೋ ಮಾಡಿದಿ" ಎಂದರು, ಗಿಡದ ಮೇಲಿಂದ ಕಣ್ಣು ಕೀಳದೆ.

"ನೀವೇನೋ ಹೇಳಬೇಕು ಅಂದ್ರಲ್ಲರಿ?"

"ಹೂಂ. ಚಹಾಪುಡಿ ಕರಿಬೇವಿಗೆ ಭಾಳ ಚಲೋ ಗೊಬ್ಬರ ಅಂತ... ಅದನ್ನ ಹೇಳಬೇಕಂದಿದ್ದೆ."