ನನ್ನ ಹೆಸರಿನ ಬ್ಯಾಟುಗಾರ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಇದು ಶುದ್ಧ ಸುಳ್ಳು, ಮತ್ತು ಇದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತೈದು ವರ್ಷಗಳಿಂದ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದೇನೆ. ಸಿಟ್ಟಿನವನ ಅಂಗಡಿಗೆ ಗಿರಾಕಿ ಬರುತ್ತಾರೆಯೇ? ಹತ್ತಿರದಲ್ಲಿ ಬೇರೆ ಅಂಗಡಿ ಇಲ್ಲದ್ದರಿಂದ ಬರುತ್ತಾರೆ ಎನ್ನುತ್ತಾಳೆ ನನ್ನ ಹೆಂಡತಿ ಶಾರದಾ. ಆಕೆಯ ಮಾತು ಬಿಡಿ. ಸದ್ಯ ನನ್ನ ನೆಮ್ಮದಿ ಕೆಡಿಸಿರುವುದು ಮನೆಯ ಟಿವಿ. ರೋಣದ ಕಾಲೇಜಿಗೆ ಹೋಗುವ ಮಗಳು ಕಾವ್ಯಾ, ಗೆಳತಿಯಿಂದ ವಿಡಿಯೋ ಗೇಮಿನ ಡಬ್ಬಿಯೊಂದನ್ನು ತಂದು ಅದಕ್ಕೆ ಜೋಡಿಸಿದಳು. ಕ್ರಿಕೆಟ್ ಇದ್ದೀತೆಂದು ಆಸೆಯಿಂದ ಕುಳಿತರೆ ಬಂದದ್ದು ಬೇಸ್‌ಬಾಲ್. ಒನಕೆಯಂಥ ಬ್ಯಾಟು. ಬೇಸ್ ಎಂಬ ಮೂರು ಠಾಣೆ ಸುತ್ತಿ, ಹೊರಟ ಜಾಗವಾದ ಮನೆಗೆ ಬಂದರೆ ಒಂದು ರನ್. ಮೂರು ಸಲ ಬೀಸಿ ತಪ್ಪಿದರೆ ಔಟ್. ಇದೆಲ್ಲ ಸರಿಯೇ. ಆದರೆ ಎದುರಿನವನು ನಾಲ್ಕು ಸಲ ಚೆಂಡನ್ನು ಅಳತೆಯ ಹೊರಗೆ ಒಗೆದು, ಬ್ಯಾಟುಗಾರ ಅದರ ತಂಟೆಗೆ ಹೋಗದೆ ನಿಂತಿದ್ದರೆ, ಅವನಿಗೆ ಒಂದು ಠಾಣೆ ಪುಕ್ಕಟೆ! ಸುಮ್ಮನೆ ನಿಂತವನಿಗೆ ಬಹುಮಾನ ಕೊಡುವುದು ಎಂಥ ಆಟ ಎಂದು ನಾನು ಮೊದಲ ದಿನವೇ ಬೈದಿದ್ದೆ.

ಈ ಆಟದಲ್ಲಿ ಪ್ರತಿ ಬ್ಯಾಟುಗಾರನ ಹಣೆಬರಹವನ್ನೂ ಅಂಕಿಯಲ್ಲಿ ಬರೆದಿರುತ್ತಾರೆ. ಪವರ್ ಎಂದರೆ ಹೊಡೆತ ಎಷ್ಟು ದೂರ ಹೋಗುತ್ತದೆ ಎಂಬುದು. ಕಾಂಟ್ಯಾಕ್ಟ್ ಎಂದರೆ ಬ್ಯಾಟಿಗೆ ಚೆಂಡು ಎಷ್ಟು ಸಲೀಸಾಗಿ ತಾಗುತ್ತದೆ ಎಂಬುದು. ಚೆಂಡು ಕಾಣುವ ಕಣ್ಣಿಗೆ ಒಂದು ಅಂಕಿ, ತಾಳ್ಮೆಗೆ ಇನ್ನೊಂದು. ನಾನು ಕೊಣ್ಣೂರಿನ ಒಕ್ಕಲುತನದ ಮನೆಯವನು. ಎತ್ತು ಆರಿಸಿದಂತೆ ಆಳು ಆರಿಸಿದೆ: ಹೆಗಲು ಅಗಲ, ಕುತ್ತಿಗೆ ದಪ್ಪ, ಪವರ್ ತೊಂಬತ್ತೈದರ ಮೇಲೆ. ಒಂಬತ್ತು ಜನ ಸಾಲಾಗಿ ನಿಂತರೆ ದನದ ಸಂತೆಯೇ ನಿಂತಂತಿತ್ತು. ಆ ಒಂಬತ್ತು ಜನ ಗಾಳಿಗೆ ಬೀಸಿದರು, ನೊಣಕ್ಕೆ ಬೀಸಿದರು, ಚೆಂಡೊಂದನ್ನು ಬಿಟ್ಟು ಎಲ್ಲದಕ್ಕೂ ಬೀಸಿದರು. ನಾನು ಸರಿಯಾದ ಹೊತ್ತಿಗೇ ಗುಂಡಿ ಒತ್ತುತ್ತಿದ್ದೆ. "ಪವರ್ ಇದ್ರ ಏನಾತ್ರಿ ಅಪ್ಪಾ, ಕಾಂಟ್ಯಾಕ್ಟ್ ಇಪ್ಪತ್ತೈತಿ. ತಾಗಿದ್ರ ತಾನ ದೂರ ಹೋಗೂದು?" ಎಂದಳು ಕಾವ್ಯಾ. ಎದುರಿಗೆ ಆಡುತ್ತಿದ್ದ ಶಾರದಾ ಆರಿಸಿದ್ದು ಕಡ್ಡಿಯಂಥ ಒಂಬತ್ತು ಜನರನ್ನು. ಆಕೆಯ ತವರಿನವರು ಮಗ್ಗದ ಸೀರೆ ಮಾರುವವರು. "ದೂರಿಂದ ಅಂಚು ನೋಡಿ ಸೀರಿ ತಗೋಬಾರದ್ರಿ, ಕೈಯಾಗ ಹಿಡದು ನೂಲು ನೋಡಬೇಕು" ಎನ್ನುತ್ತ ಅವಳು ಕಣ್ಣು, ತಾಳ್ಮೆ, ಕಾಂಟ್ಯಾಕ್ಟ್ ಮೂರನ್ನೇ ನೋಡಿದ್ದಳು. ಅವಳ ಕಡ್ಡಿಗಳು ಟುಕ್ ಟುಕ್ ಎಂದು ತಾಗಿಸಿ, ಓಡಿ ಓಡಿ, ಹನ್ನೊಂದು ರನ್ ಮಾಡಿದವು. ನನ್ನದು ಸೊನ್ನೆ. ಆ ರಾತ್ರಿ ನಾನು ಊಟ ಬಿಟ್ಟೆ. ಯಾರೂ ಕರೆಯದ್ದರಿಂದ ಅರ್ಧ ಗಂಟೆಯ ನಂತರ ನಾನೇ ಬಂದು ಬಡಿಸಿಕೊಂಡೆ.

ಸೋತದ್ದಕ್ಕಿಂತ ಹೆಚ್ಚು ಉರಿದದ್ದು ಬೇರೆ ಕಾರಣಕ್ಕೆ. ಹೋದ ಬೇಸಿಗೆಯಲ್ಲಿ ನಾನೂ ಕೊಣ್ಣೂರಿನ ನನ್ನ ಅಣ್ಣನೂ ಎತ್ತು ತರಲು ಸಂತೆಗೆ ಹೋಗಿದ್ದೆವು. ನಾನು ತೋರಿಸಿದ ಭಾರಿ ಎತ್ತನ್ನು ಬಿಟ್ಟು ಅವನು ಒಂದು ಬಡಕಲು ಎತ್ತಿನ ನಡಿಗೆ ಮೆಚ್ಚಿ ಕೊಂಡ. ಎತ್ತಿನ ಪರೀಕ್ಷೆ ಗೊತ್ತಿಲ್ಲದವನು ಅಪ್ಪನ ಹೆಸರು ಕೆಡಿಸಬೇಡ ಎಂದು ನಾನು ಮಂದಿಯ ಮುಂದೆ ಕೂಗಿದೆ. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ಆ ಬಡಕಲು ಎತ್ತು ಈಗ ಊರಿಗೆಲ್ಲ ಮೇಲಾಗಿ ದುಡಿಯುತ್ತಿದೆಯಂತೆ. ಅದಕ್ಕೇ ನಾನು ಮಾತಾಡಲಿಲ್ಲ. ಸೋತವನು ತಾನಾಗಿ ಫೋನ್ ಮಾಡಬೇಕೇ?

"ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು" ಎಂದು ದಿನಾ ಚುಚ್ಚುತ್ತಿದ್ದ ಶಾರದಾ ಒಂದು ಸಂಜೆ ಪಂಥ ಹೂಡಿದಳು. "ಇವತ್ತ ನಾ ಗೆದ್ರ ನೀವು ಅಣ್ಣಾವ್ರಿಗೆ ಫೋನ್ ಹಚ್ಚಬೇಕು. ನೀವು ಗೆದ್ರ ನಾ ಅವರ ಸುದ್ದಿನ ತಗಿಯೂದಿಲ್ಲ." ಒಪ್ಪಿದೆ. ಈ ಸಲ ನಾನೂ ಅಂಕಿ ನೋಡಿ ಕಡ್ಡಿಗಳನ್ನೇ ಆರಿಸಿದೆ. ಕೊನೆಯ ಸುತ್ತಿನವರೆಗೂ ಸಮ ಸಮ. ಅವಳ ಬ್ಯಾಟಿಂಗ್, ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಅವಳ ಸರದಿ ಮುಗಿಯಿತು, ಮೂರೂ ಠಾಣೆಗಳಲ್ಲಿ ಅವಳ ಆಳುಗಳು. ಆಗ ಬ್ಯಾಟು ಹಿಡಿದು ಬಂದವನನ್ನು ನೋಡಿದರೆ ಬಕ್ಕತಲೆ, ದಪ್ಪ ಮೀಸೆ, ಬೆನ್ನ ಮೇಲೆ ನನ್ನ ಹೆಸರು! ಈ ಆಟದಲ್ಲಿ ನಮಗೆ ಬೇಕಾದವರನ್ನು ನಾವೇ ತಯಾರಿಸಬಹುದಂತೆ. ಕಾವ್ಯಾ ನನ್ನನ್ನು ತಯಾರಿಸಿ ತಾಯಿಯ ತಂಡಕ್ಕೆ ಸೇರಿಸಿದ್ದಳು. ಪವರ್ ತೊಂಬತ್ತೊಂಬತ್ತು, ಕಣ್ಣು ಹನ್ನೆರಡು, ತಾಳ್ಮೆ ಐದು. ಹೆತ್ತ ಮಗಳು!

ಸಿಟ್ಟಿನಲ್ಲೂ ಒಳಗೊಳಗೇ ಖುಷಿಯಾಯಿತು. ತಾಳ್ಮೆ ಐದಿರುವ ಈ ಆಸಾಮಿ ಹೊರಗೆ ಹೋಗುವ ಚೆಂಡಿಗೂ ಬೀಸದೆ ಬಿಡುವುದಿಲ್ಲ, ನನಗಲ್ಲದೆ ಇನ್ಯಾರಿಗೆ ಗೊತ್ತು? ಚೆಂಡನ್ನು ಬೇಕೆಂದೇ ಅಳತೆಯ ಹೊರಗೆ ಒಗೆದೆ. ಅವನು ಬೀಸಲಿಲ್ಲ. ಇನ್ನೂ ಹೊರಗೆ ಒಗೆದೆ. ನಿಂತೇ ಇದ್ದ. "ಬೀಸಲೇ, ಏನ್ ನೋಡಾಕತ್ತಿ!" ಎಂದು ಟಿವಿಗೆ ಕೂಗಿದೆ. ಮೂರನೆಯದಕ್ಕೂ ಅಲುಗಾಡಲಿಲ್ಲ. ನಾಲ್ಕನೆಯದನ್ನು ಹಲ್ಲು ಕಚ್ಚಿ ಎಲ್ಲಿಗೋ ಒಗೆದೆ. ಪುಕ್ಕಟೆ ಠಾಣೆ. ಎಲ್ಲರೂ ಒಂದೊಂದು ಠಾಣೆ ಮುಂದೆ ಸರಿದರು, ಮೂರನೆಯ ಠಾಣೆಯವನು ಮನೆಗೆ ಬಂದ, ಅವಳಿಗೆ ಒಂದು ರನ್, ಆಟ ಮುಗಿಯಿತು. ತಾಳ್ಮೆ ಐದೇ ಇರುವವನು ಬೀಸಲಿಲ್ಲ ಯಾಕೆ ಎಂದು ಚೀರಿದೆ. ಶಾರದಾ ತೊಡೆಯ ಮೇಲಿಟ್ಟ ಎರಡೂ ಕೈ ತೋರಿಸಿದಳು. "ನಾ ಗುಂಡಿ ಒತ್ತಿದ್ರ ತಾನ ನೀವು ಬೀಸೂದು? ಇಪ್ಪತ್ತೆರಡು ವರ್ಷದಾಗ ನಿಮ್ಮನ್ನ ಸುಮ್ಮನ ನಿಲ್ಲಿಸೂದೊಂದ ಕಲತೇನ್ರಿ ನಾ."

ಫೋನ್ ಹಚ್ಚಿ ಅವಳೇ ಕೈಗೆ ಕೊಟ್ಟಳು. ಅಣ್ಣ ಎತ್ತಿದ. "ಯಾರು, ಎತ್ತಿನ ಪಂಡಿತರೇನು?" ಬಾಯಿ ತೆರೆದೆ. ಶಾರದಾ ಕೈ ಅಡ್ಡ ಹಿಡಿದಳು. ಮುಚ್ಚಿದೆ. "ನನ್ನ ಎತ್ತು ಚಲೋ ಐತಿ ಅಂತ ಸುದ್ದಿ ಮುಟ್ಟಿರಬೇಕು." ನುಂಗಿದೆ. "ಸಣ್ಣಾಂವ ಆಗಿ ಅಷ್ಟು ಮಂದಿ ಮುಂದ ಹಾಂಗ ಅಂತಾರೇನು?" ಕೆನ್ನೆ ಬಿಸಿಯಾಯಿತು, ನಿಂತೇ ಇದ್ದೆ. ಆಮೇಲೆ ಅವನೆಂದ: "ಮಳಿಗಾಲದಾಗ ನಮ್ಮೂರ ಹೊಳಿ ಬಂದು ಸೇತುವಿ ಮುಳುಗಿತ್ತು. ನೀ ಅವಾಗೂ ಫೋನ್ ಮಾಡ್ಲಿಲ್ಲ." ಇದಕ್ಕೆ ಬೀಸುವ ಮನಸ್ಸೇ ಆಗಲಿಲ್ಲ, ಫೋನನ್ನು ಕಿವಿಗೆ ಒತ್ತಿಕೊಂಡೆ. ಆಚೆಯಿಂದ ಅವನೇ ಮತ್ತೆ ಮಾತಾಡಿದ. "ಇದ್ದೀಯೇನು? ಎಳ್ಳ ಅಮಾಸಿಗೆ ಹೊಲದಾಗ ಭೂತಾಯಿಗೆ ಚರಗ ಚೆಲ್ಲಾಕ ಎಲ್ಲಾರನೂ ಕರಕೊಂಡು ಬಾ. ನಿಮ್ಮ ವೈನಿ ಕಡಬು ಮಾಡ್ತಾಳ. ಎತ್ತೂ ನೋಡೀಯಂತ."

ಮರುದಿನ ಟಿವಿ ಹಚ್ಚಿ ನೋಡಿದರೆ ನನ್ನ ಹೆಸರಿನ ಬ್ಯಾಟುಗಾರನ ತಾಳ್ಮೆಯನ್ನು ಕಾವ್ಯಾ ಐದರಿಂದ ಆರಕ್ಕೆ ಏರಿಸಿದ್ದಳು. ಒಡಹುಟ್ಟಿದವನ ನಾಲ್ಕು ಮಾತು ನುಂಗಿದವನಿಗೆ ಬರೇ ಒಂದು ಅಂಕವೇ ಎಂದು ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ ಕೂಗಿದೆ. ಕಾವ್ಯಾ ಎದ್ದು ಬಂದು, ಗುಂಡಿ ಒತ್ತಿ, ಅದನ್ನು ಮತ್ತೆ ಐದಕ್ಕೆ ಇಳಿಸಿದಳು.