ದೃಢೀಕೃತ ಕೀಲಿಕೈ

ಯಾವುದೇ ಕಚೇರಿಯಲ್ಲಿ ಮೂಲವನ್ನು ಭದ್ರವಾಗಿ ಇಡತಕ್ಕದ್ದು. ದಿನನಿತ್ಯದ ಕೆಲಸಕ್ಕೆ ಅದರ ದೃಢೀಕೃತ ನಕಲನ್ನು ಬಳಸತಕ್ಕದ್ದು. ಊರೂರಿಗೆ ಹೋಗಿ ಜನರ ಅಹವಾಲು ಕೇಳಬೇಕಾದ ಯಾದಗಿರಿಯ ಸಂಚಾರಿ ತ್ವರಿತ ಪರಿಹಾರ ಕಚೇರಿಗೆ ಹೊಸ ಕಾರು ಬಂದಾಗ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಲಾಯಿತು. ಕಾರಿನ ಜೊತೆ ಬಂದ ಕೀಲಿಕೈಯನ್ನು ಸ್ಟೇಷನ್ ರಸ್ತೆಯ ಶರೀಫಸಾಬನ ಅಂಗಡಿಗೆ ಕಳಿಸಿ ಅಂಥದ್ದೇ ಇನ್ನೊಂದನ್ನು ಕೊರೆಸಿ ತಂದರು. ಅಧಿಕಾರಿ ಚೇತನಕುಮಾರ ಸಾಹೇಬರು ಎರಡನ್ನೂ ಬೆಳಕಿಗೆ ಹಿಡಿದು, ಹಲ್ಲಿಗೆ ಹಲ್ಲು ತಾಳೆ ನೋಡಿ, ಹೊಸದಕ್ಕೆ ದಾರದಲ್ಲಿ ಕಟ್ಟಿದ ಚೀಟಿಯ ಮೇಲೆ ‘ಮೂಲದಂತೆಯೇ ಇದೆ’ ಎಂದು ಬರೆದು ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಮೂಲವನ್ನು ಉಗ್ರಾಣದ ನಾಗಣ್ಣ ಬಿಳಿ ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಕಬ್ಬಿಣದ ಕಪಾಟಿನಲ್ಲಿಟ್ಟ.

ಸಹಿಯಾದ ಕೀಲಿಕೈ ಚಾಲಕ ಹುಲಗಪ್ಪನಿಗೆ ಸಿಕ್ಕಿತು. ಹುಲಗಪ್ಪ ಕಡೇಚೂರಿನ ಕಾರ್ಖಾನೆಯೊಂದರ ಲಾರಿ ಬಿಟ್ಟು ಈ ಗುತ್ತಿಗೆ ನೌಕರಿಗೆ ಬಂದವನು. ದಸರೆಯೊಳಗೆ ಕಾರು ಹಳ್ಳಿಗಳ ಪ್ರವಾಸ ಮಾಡಿದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ ಎಂದು ಆದೇಶದಲ್ಲೇ ಇತ್ತು. ಲಾರಿಯ ಸೀಟಿನಲ್ಲಿ ಈಗಾಗಲೇ ಬೇರೆಯವನು ಕೂತಿದ್ದ. ಹಾಗಾಗಿ ಹುಲಗಪ್ಪ ಬಲಗಾಲಿಟ್ಟು ಕಾರು ಹತ್ತಿ, ಸ್ಟೇರಿಂಗಿಗೆ ಕೈಮುಗಿದು, ಕೀಲಿಕೈ ತಿರುವಿದ.

ಬಾಗಿಲು ತೆರೆದಿತ್ತು, ಸೀಟು ಮೆತ್ತಗಿತ್ತು, ಇಂಜಿನ್ ಮಾತ್ರ ಕೆಮ್ಮಲೂ ಇಲ್ಲ. ಎದುರಿಗೆ ಕೀಲಿಕೈ ಆಕಾರದ ಕೆಂಪು ದೀಪವೊಂದು ಮಿಣಮಿಣ ಎನ್ನತೊಡಗಿತು. ಕೊಂಚ ಹೊತ್ತಿಗೆ ಕಾರು ತಾನಾಗಿಯೇ ಬಾಯಿ ಮಾಡಲು ಶುರುಮಾಡಿತು; ಕಚೇರಿಯವರೆಲ್ಲ ಚಹಾ ಬಿಟ್ಟು ಹೊರಗೆ ಬಂದರು.

“ಚಾಲೂ ಆಗವಲ್ದುರಿ ಸಾಹೇಬ್ರ,” ಅಂದ ಹುಲಗಪ್ಪ.

ಸಾಹೇಬರು ದೋಷ ಪತ್ತೆಗೆ ಸಮಿತಿ ರಚಿಸಿದರು. ಸಮಿತಿಯು ಬ್ಯಾಟರಿ ಬಿಚ್ಚಿ ಹಾಕಿಸಿತು. ಎಲ್ಲರನ್ನೂ ಇಳಿಸಿ ಮತ್ತೆ ಹತ್ತಿಸಿತು. ಕೀಲಿಕೈಯನ್ನು ಒರೆಸಿ, ವಿಭೂತಿ ಹಚ್ಚಿ, ಪುನಃ ಒರೆಸಿತು. ಕೊನೆಗೆ ಕಾರಿನ ಕಂಪನಿಗೆ ಫೋನು ಹಚ್ಚಿದಾಗ ಆ ಕಡೆಯ ಹೆಣ್ಣುಮಗಳು ತಾಳ್ಮೆಯಿಂದ ವಿವರಿಸಿದಳು: “ಸರ್, ಅದು ಇಮೊಬಿಲೈಜರ್. ಕಳ್ಳರು ಒಯ್ಯಬಾರದು ಅಂತ ಇರೋದು. ಅಸಲಿ ಕೀಯೊಳಗೆ ಒಂದು ಚಿಪ್ ಇರುತ್ತೆ. ಅದು ಇಲ್ಲದ ಕೀ ಹಾಕಿದರೆ ಗಾಡಿ ಸ್ಟಾರ್ಟ್ ಆಗೋದಿಲ್ಲ. ಅಸಲಿ ಕೀ ನಿಮ್ಮ ಹತ್ತಿರ ಇಲ್ಲವೇ?”

“ಇದೆ, ಬಹಳ ಭದ್ರವಾಗಿದೆ,” ಎಂದರು ಸಾಹೇಬರು ಹೆಮ್ಮೆಯಿಂದ.

ಹುಲಗಪ್ಪ ಉಗ್ರಾಣಕ್ಕೆ ಓಡಿದ. “ನಾಗಣ್ಣಾರ, ಅಸಲಿ ಚಾವಿ ಒಂದೀಟು ಕೊಡ್ರಿ. ಹಚ್ಚಿ ನೋಡಿ ಈಗ ತಂದು ಕೊಡ್ತೀನಿ.”

ನಾಗಣ್ಣ ಕನ್ನಡಕ ತೆಗೆದ. “ಕೊಡಾಕ ನನಗೇನು ತ್ರಾಸಿಲ್ಲೋ ತಮ್ಮಾ. ನಕಲು ಮೂಲದಂಗ ಇಲ್ಲ ಅಂತ ಸಾಹೇಬ್ರು ಬರದು ಕೊಡ್ಲಿ, ಕಪಾಟ ತೆಗೀತೀನಿ. ಆದ್ರ ಮೂಲದಂಗ ಐತಿ ಅಂತ ಸಹಿ ಹಾಕಿದವ್ರೂ ಅವ್ರೇ. ಹಂಗಾದ್ರ ಸುಳ್ಳು ದೃಢೀಕರಣ ಆತು. ಅದಕ್ಕ ಸಸ್ಪೆಂಡು.”

ಸಾಹೇಬರು ಈ ಮಾತನ್ನು ಮೂರು ದಿಕ್ಕಿನಿಂದ ಯೋಚಿಸಿದರು. ಗೆಜೆಟೆಡ್ ಅಧಿಕಾರಿಯ ಸಹಿ ತಪ್ಪಾಗುವುದು ಸಾಧ್ಯವಿರಲಿಲ್ಲ. ಸಹಿ ಸರಿಯಿದ್ದರೆ ಕೀಲಿಕೈ ಸರಿ, ಕೀಲಿಕೈ ಸರಿಯಿದ್ದರೆ ತಪ್ಪು ಕಾರಿನದು. ಅಂದೇ ಕಾರಿನ ಗಾಜಿಗೆ ನೋಟೀಸು ಅಂಟಿಸಲಾಯಿತು: ‘ದೃಢೀಕೃತ ಕೀಲಿಕೈಯನ್ನು ಮಾನ್ಯ ಮಾಡದೆ, ಕಚೇರಿ ಆವರಣದಲ್ಲಿ ಅನುಚಿತವಾಗಿ ಕಿರುಚಿದ್ದಕ್ಕೆ ನಿಮ್ಮ ಮೇಲೆ ಏಕೆ ಶಿಸ್ತುಕ್ರಮ ಜರುಗಿಸಬಾರದು ಎಂಬುದಕ್ಕೆ ಸಮಜಾಯಿಷಿ ನೀಡುವುದು.’ ಕಾರು ಉತ್ತರಿಸಲಿಲ್ಲ. ಮೌನವನ್ನು ತಪ್ಪೊಪ್ಪಿಗೆ ಎಂದು ಪರಿಗಣಿಸಲಾಯಿತು.

ಇತ್ತ ದಸರೆ ಹತ್ತಿರ ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಮೋನಮ್ಮ ಕೇಳುತ್ತಿದ್ದಳು, “ಇವತ್ತರ ಹೊಂಟಿತೇನ್ರಿ?” ಹುಲಗಪ್ಪ ರೊಟ್ಟಿ ಮುರಿಯುತ್ತ ತಲೆ ಅಲ್ಲಾಡಿಸುತ್ತಿದ್ದ. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಪ್ರವಾಸ ಆಗಲೇಬೇಕಿತ್ತು, ಅದು ಸಾಹೇಬರಿಗೂ ಬೇಕಿತ್ತು. ಕಾರು ಹಳ್ಳಿಗೆ ಹೋಗಲು ಒಪ್ಪದಿದ್ದಾಗ ಹಳ್ಳಿಯನ್ನೇ ಕಾರಿನ ಬಳಿಗೆ ತರುವುದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ ಎಂದು ಅವರು ಕಂಡುಕೊಂಡರು. ಸೋಮವಾರ ಕಾರಿನ ಮುಂದೆ ‘ಹತ್ತಿಕುಣಿ’ ಎಂಬ ಬೋರ್ಡು ನೆಟ್ಟರು, ಮಂಗಳವಾರ ‘ಕಡೇಚೂರು’ ಎಂದು ಬದಲಿಸಿದರು. ಬೋರ್ಡಿನ ಸುತ್ತ ಬಿಳಿ ಸುಣ್ಣದಲ್ಲಿ ಗೆರೆ ಎಳೆದು, ಒಳಗಿನ ಜಾಗವನ್ನು ಆ ದಿನದ ಮಟ್ಟಿಗೆ ಆಯಾ ಗ್ರಾಮವೆಂದು ಭಾವಿಸತಕ್ಕದ್ದು ಎಂದು ಸುತ್ತೋಲೆ ಹೊರಡಿಸಿದರು. ಪ್ರವಾಸಕ್ಕೆ ಚಾಲಕ ಕಡ್ಡಾಯವಾದ್ದರಿಂದ ಹುಲಗಪ್ಪ ಬೆಳಿಗ್ಗೆಯಿಂದ ಸಂಜೆಯವರೆಗೆ ಸ್ಟೇರಿಂಗ್ ಹಿಡಿದು ಕೂತ. ಸಾಹೇಬರು ಹಿಂದಿನ ಸೀಟಿನಲ್ಲಿ ಕಿಟಕಿಯಿಂದ ಹೊರಗೆ ನೋಡುತ್ತ ಬೆಳೆ ಪರಿಶೀಲಿಸಿದರು.

ಮೊದಲ ಸೋಮವಾರ ಹತ್ತಿಕುಣಿಯ ಪಾರ್ವತಿಬಾಯಿ ತಮ್ಮ ಹೊಲದ ಕಾಲುವೆಗೆ ನೀರು ಬರುವುದಿಲ್ಲವೆಂದು ಟಂಟಂ ರಿಕ್ಷಾ ಹತ್ತಿ ಬಂದರು.

“ಗಾಡಿ ನಮ್ಮೂರಿಗಿ ಬರ್ತದ ಅಂದಿದ್ರಲ್ಲಪ್ಪಾ?”

“ಬಂದದಲ್ಲಬೇ,” ಅಂದ ಹುಲಗಪ್ಪ ಬೋರ್ಡು ತೋರಿಸಿ. “ಗೆರಿ ದಾಟಿ ಒಳಗ ಬರ್ರಿ, ನಿಮ್ಮೂರಾಗೇ ನಿಂತಂಗ ಆತದ.”

ಪಾರ್ವತಿಬಾಯಿ ಗೆರೆ ದಾಟಿ ಒಳಗೆ ನಿಂತು ಅತ್ತಿತ್ತ ನೋಡಿದರು. “ಹಂಗಾರ ಕಾಲುವಿ ಎಲ್ಲಿ?”

ಸಾಹೇಬರು ಸ್ಥಳ ಪರಿಶೀಲಿಸಿ, ಸದರಿ ಗ್ರಾಮದಲ್ಲಿ ಕಾಲುವೆಯೇ ಇಲ್ಲದ್ದರಿಂದ ನೀರಿನ ಸಮಸ್ಯೆ ಉದ್ಭವಿಸುವುದಿಲ್ಲವೆಂದು ಅರ್ಜಿಯನ್ನು ಸ್ಥಳದಲ್ಲೇ ವಿಲೇವಾರಿ ಮಾಡಿದರು. ಇಷ್ಟು ತ್ವರಿತ ಪರಿಹಾರ ಆ ಕಚೇರಿಯ ಚರಿತ್ರೆಯಲ್ಲೇ ಇರಲಿಲ್ಲ.

ಮೇಲಿನವರಿಗೂ ಇದು ಮೆಚ್ಚಿಗೆಯಾಯಿತು. ಅಪಘಾತವಿಲ್ಲ, ಡೀಸೆಲ್ ಖರ್ಚಿಲ್ಲ, ಟೈರು ಸವೆದಿಲ್ಲ, ಎಲ್ಲ ಹಳ್ಳಿಗಳ ಪ್ರವಾಸವೂ ಮುಗಿದಿದೆ. ಆಯುಧಪೂಜೆಯ ದಿನ ಬೆಳಿಗ್ಗೆ ಹುಲಗಪ್ಪನ ಕಾಯಂ ಆದೇಶ, ಸಾಹೇಬರ ಹಸಿರು ಸಹಿಯೊಂದಿಗೆ, ಅವನ ಕೈಗೆ ಬಂತು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಕಿಸೆಯಲ್ಲಿಟ್ಟುಕೊಂಡ.

ಪೂಜೆಯ ಹೊತ್ತಿಗೆ ನಾಗಣ್ಣ ಉಗ್ರಾಣದಿಂದ ತಟ್ಟೆ ಹಿಡಿದು ಬಂದ. ತಟ್ಟೆಯಲ್ಲಿ ಅಸಲಿ ಕೀಲಿಕೈ ಇತ್ತು. “ದೇವ್ರಿಗಿ ನಕಲು ನಡೆಂಗಿಲ್ಲ,” ಅಂದ ಅವನು. ಕಾರಿಗೆ ಹೂ ಏರಿಸಿ, ಕುಂಬಳಕಾಯಿ ಒಡೆದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಈಗ ಕಾರು ನಿಂಬೆಹಣ್ಣಿನ ಮೇಲೆ ಹಾಯಬೇಕು.

ರೂಢಿಯ ಬಲದಿಂದಲೋ ಏನೋ, ಹುಲಗಪ್ಪ ತಟ್ಟೆಯ ಕೀಲಿಕೈ ಎತ್ತಿಕೊಂಡು ಒಳಗೆ ಕೂತು ತೂರಿಸಿ ಅರ್ಧ ತಿರುವಿದ. ಕೆಂಪು ದೀಪ ತಟ್ಟನೆ ಆರಿತು. ಅಷ್ಟು ತಿಂಗಳು ಮಿಣುಗಿದ ದೀಪ ಆರಿದ್ದನ್ನು ಕಂಡು ಹುಲಗಪ್ಪನ ಎದೆ ಸಂತೋಷದಿಂದ ಹೊಡೆದುಕೊಂಡಿತು. ಇನ್ನರ್ಧ ತಿರುವಿದರೆ ಹತ್ತಿಕುಣಿಯ ದಾರಿ.

ಸಾಹೇಬರು ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದರು, “ಹುಲಗಪ್ಪ, ಇದು ಚಾಲೂ ಆದ್ರ ನನ್ನ ಸಹಿ ಸುಳ್ಳಾಗ್ತದ. ನಿನ್ನ ಆರ್ಡರಿನ ಮ್ಯಾಲಿರೂದೂ ಅದೇ ಸಹಿ.”

ಹುಲಗಪ್ಪ ಕಿಸೆಯಲ್ಲಿದ್ದ ಆದೇಶವನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಕೀಲಿಕೈ ಹೊರಗೆಳೆದು ತಟ್ಟೆಯಲ್ಲಿಟ್ಟ. ನಿಂಬೆಹಣ್ಣುಗಳನ್ನು ಜವಾನ ಮಲ್ಲು ಇಟ್ಟಿಗೆಯಿಂದ ಜಜ್ಜಿ ಪೂಜೆ ಸಾಂಗಗೊಳಿಸಿದ. ಎಲ್ಲರಿಗೂ ಚುರುಮುರಿ ಹಂಚಲಾಯಿತು.

ಈಗ ಶಹಾಪುರ, ಸುರಪುರಗಳಲ್ಲೂ ಇದೇ ಪದ್ಧತಿ ಜಾರಿಯಾಗಿದೆ. ಅಲ್ಲಿನ ಕಾರುಗಳು ಇನ್ನೂ ಓಡಾಡುತ್ತಿರುವ ದೂರು ಇದ್ದುದರಿಂದ, ಚಾಲಕರಿಗೆ ತರಬೇತಿ ಕೊಡಲು ಹುಲಗಪ್ಪನನ್ನೇ ನೇಮಿಸಲಾಗಿದೆ. ಮೊನ್ನೆ ಅವನು ಬಸ್ಸಿನಲ್ಲಿ ಸುರಪುರಕ್ಕೆ ಹೋಗಿ, ನಿಂತ ಕಾರಿನಲ್ಲಿ ಬೆನ್ನು ನೋಯದಂತೆ ಕೂರುವ ಬಗೆಯನ್ನು ಕಲಿಸಿಕೊಟ್ಟ. ಪಾಠ ಮುಗಿದ ಮೇಲೆ ಹೊಸ ಚಾಲಕ ಹಣಮೇಶ ಕೈ ಎತ್ತಿದ.

“ಗುರುಗಳ, ಗಾಡಿ ಹೊಡೀಬೇಕು ಅಂತ ಭಾಳ ಆಸೆ ಆದ್ರ ಏನ್ ಮಾಡಬೇಕ್ರಿ?”

“ಆಗ್ತದ,” ಅಂದ ಹುಲಗಪ್ಪ. “ಕಾಯಂ ಆಗೂತನಕ ಆಗ್ತದ.”

ಚಾಲಕರೆಲ್ಲ ಅದನ್ನು ಬರೆದುಕೊಂಡರು.