ಒಂದೇ ಒಂದು ಯುನಿಕ್ ಸೀರೆ

ಇಂಗ್ಲಿಷ್ ಮೇಷ್ಟ್ರಾದ ನನಗೊಂದು ಕೆಟ್ಟ ಚಾಳಿ. ಯಾರಾದರೂ ಇಂಗ್ಲಿಷ್ ಪದ ಆಡಿದರೆ ಅದರ ಅರ್ಥ ಹೇಳದ ಹೊರತು ಉಂಡ ಅನ್ನ ಅರಗುವುದಿಲ್ಲ. ಈಗ 'ಯುನಿಕ್' ಎಂಬ ಪದವನ್ನೇ ತೆಗೆದುಕೊಳ್ಳಿ. ನಮ್ಮ ಹೊಸಪೇಟೆಯಲ್ಲಿ ಯುನಿಕ್ ಅಲ್ಲದ್ದು ಏನಿದೆ ಹೇಳಿ! ಟೇಲರ್ ಅಂಗಡಿ ಯುನಿಕ್, ಟ್ಯೂಷನ್ ಕ್ಲಾಸು ಯುನಿಕ್, ಹಂಪಿ ದಾರಿಯ ಮಿರ್ಚಿ ಬಂಡಿಯೂ ಯುನಿಕ್. ಪಾಪ, ಆ ಪದಕ್ಕೆ ಒಂದು ದಿನವೂ ರಜೆಯಿಲ್ಲ.

ಕಂಪ್ಲಿಯಲ್ಲಿ ನನ್ನ ತಂಗಿಯ ಮಗಳ ಮದುವೆ. ಆರತಿ ಎತ್ತುವ ಐದು ಮುತ್ತೈದೆಯರಲ್ಲಿ ನನ್ನ ಹೆಂಡತಿಯೂ ಒಬ್ಬಳು. "ಹ್ವಾದ ಸಲದ ಮದುವ್ಯಾಗ ನನ್ನಂಥಾ ಸೀರೀನ ಇನ್ನೊಬ್ಬಾಕಿ ಉಟ್ಟಿದ್ಲು. ಈ ಸಲಾನೂ ಹಂಗಾದ್ರ ನಾ ಮಂದ್ಯಾಗ ಮುಖ ಎತ್ತಂಗಿಲ್ಲ ನೋಡ್ರಿ" ಎಂದು ನನ್ನನ್ನೂ ಸೀರೆ ಅಂಗಡಿಗೆ ಎಳೆದುಕೊಂಡು ಹೋದಳು.

ಅಂಗಡಿಯವನು ನವಿಲು ಬಣ್ಣದ ಸೀರೆ ಹರವಿ, "ಭಾಳ ಯುನಿಕ್ ಐತ್ರಿ ಅಕ್ಕಾ" ಎಂದ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಯುನಿಕ್ ಅಂದ್ರ ಚಂದ ಅಂತಲ್ಲಪಾ. ಇಡೀ ಲೋಕದಾಗ ಒಂದೇ ಒಂದು, ಜೋಡಿ ಇಲ್ಲದ್ದು ಅಂತ" ಎಂದೆ.

ಅವನ ಮುಖ ಅರಳಿತು. "ಹೌದ್ರಿ ಸರ್, ನಾನೂ ಅದನ್ನ ಹೇಳಿದ್ದು. ಒಂದೇ ಪೀಸ್!"

"ಪಕ್ಕಾ ಏನ್ರಿ?" ಎಂದು ಹೆಂಡತಿ ಕೇಳಿದ್ದು ಅವನನ್ನಲ್ಲ, ನನ್ನನ್ನು. "ಪದದ ಅರ್ಥಾನ ಅದು" ಎಂದು ನಾನೇ ಜಾಮೀನು ನಿಂತೆ.

ಮದುವೆಯಲ್ಲಿ ಐವರೂ ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತರು. ನನ್ನ ಹೆಂಡತಿಯೂ ಸೇರಿ ಮೂವರದು ಅದೇ ನವಿಲು ಬಣ್ಣ, ಅದೇ ಅಂಚು, ಅದೇ ಸೆರಗು. "ಮಾತಾಡ್ಕೊಂಡು ಉಟ್ಟೀರೇನ್ರವಾ? ಮಸ್ತ್ ಕಾಣ್ತೀರಿ!" ಎಂದರು ಯಾರೋ. ಫೋಟೋದವನಂತೂ ಆ ಮೂವರನ್ನೂ ಆರಿಸಿ ಪಕ್ಕಪಕ್ಕ ನಿಲ್ಲಿಸಿದ. ಆ ಮೂವರಲ್ಲಿ ಒಬ್ಬಳಾದ ಬೀಗರ ಕಡೆಯ ಹೆಂಗಸು ಗೊಣಗಿದಳು: "ಯುನಿಕ್ ಅಂದ್ರ ಜೋಡಿ ಇಲ್ಲದ್ದು ಅಂತಂದು ಕೊಟ್ನಲ್ರಿ ಅಂಗಡ್ಯಾವ! ಯಾರೋ ಇಂಗ್ಲಿಷ್ ಮೇಷ್ಟ್ರು ಅರ್ಥ ಹೇಳಿಕೊಟ್ರಂತ."

ನನ್ನ ಹೆಂಡತಿ ತಟ್ಟೆ ಹಿಡಿದಂತೆಯೇ ನನ್ನತ್ತ ತಿರುಗಿದಳು. ಆ ನೋಟಕ್ಕೆ ಯಾವ ನಿಘಂಟಿನಲ್ಲೂ ಅರ್ಥವಿಲ್ಲ. ಆರತಿ ಮುಗಿದ ಮೇಲೆ ಮೂಲೆಗೆ ಕರೆದು, "ನಿಮ್ಮಂಥಾ ಶಾಣ್ಯಾ ಗಂಡ ಈ ಲೋಕದಾಗ ನನಗೊಬ್ಬಾಕಿಗೇ ಸಿಕ್ಕಾನ" ಎಂದಳು. ಬೈಗುಳವೇ ಸರಿ. ಆದರೂ ಒಳಗೊಳಗೇ ಸ್ವಲ್ಪ ಉಬ್ಬಿದೆ. ಸೀರೆ ಹೋದರೆ ಹೋಯಿತು, ನಾನಾದರೂ ಯುನಿಕ್ ಆದೆನಲ್ಲ!

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಇಬ್ಬರು ಗಂಡಸರು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದರು. ವಿಚಾರಿಸಿದರೆ, ಉಳಿದ ಎರಡು ನವಿಲು ಬಣ್ಣದ ಸೀರೆಗಳ ಯಜಮಾನರು. ಅವರ ಹೆಂಡಿರೂ ಆಗಷ್ಟೇ ಅವರಿಗೆ 'ನಿಮ್ಮಂಥಾ ಗಂಡ ನನಗೊಬ್ಬಾಕಿಗೇ ಸಿಕ್ಕಾನ' ಎಂಬ ಅದೇ ಮಾತನ್ನು ಹೇಳಿದ್ದರಂತೆ.